ಸ್ಟಾರೋ, ಡೆಲ್ಟಾವೋ? ಮನೆಯಲ್ಲೇ ಮಾಡುವ ಗಾಳಿಯಂತ್ರದ ಕಾಯಿಲ್‌ಗಳನ್ನು ಹೇಗೆ ಜೋಡಿಸಬೇಕು

ಒಂಬತ್ತು ಕಾಯಿಲ್ ಸುತ್ತಿ ಮೇಜಿನ ಮೇಲೆ ಇಟ್ಟರೆ ಹದಿನೆಂಟು ತುದಿಗಳು. ಯಾವುದನ್ನು ಯಾವುದಕ್ಕೆ ಸೇರಿಸಬೇಕು? ಗಾಳಿಯಂತ್ರ ಮಾಡಲು ಹೊರಟವರು ಹೆಚ್ಚಾಗಿ ಗೊಂದಲಕ್ಕೆ ಬೀಳುವುದು ಇಲ್ಲೇ. ಒಬ್ಬರು ಸ್ಟಾರ್ ಮಾಡಿ ಅನ್ನುತ್ತಾರೆ. ಇನ್ನೊಬ್ಬರು ಡೆಲ್ಟಾದಲ್ಲಿ ಕರೆಂಟ್ ಜಾಸ್ತಿ ಅನ್ನುತ್ತಾರೆ. ಮತ್ತೊಬ್ಬರು ಎಲ್ಲವನ್ನೂ ಪ್ಯಾರಲಲ್ ಮಾಡಿಬಿಡಿ ಅನ್ನುತ್ತಾರೆ. ಮೂವರ ಮಾತಿನಲ್ಲೂ ನಿಜ ಇದೆ. ಆದರೆ ಒಂದು ವಿಷಯ ಬಿಟ್ಟುಹೋಗಿರುತ್ತದೆ. ಜೋಡಣೆ ಬದಲಿಸಿದ ಮಾತ್ರಕ್ಕೆ ಹೊಸದಾಗಿ ಶಕ್ತಿ ಹುಟ್ಟುವುದಿಲ್ಲ. ವೋಲ್ಟೇಜ್ ಕೊಟ್ಟು ಕರೆಂಟ್ ಪಡೆಯುತ್ತೀರಿ, ಇಲ್ಲವೇ ಕರೆಂಟ್ ಕೊಟ್ಟು ವೋಲ್ಟೇಜ್ ಪಡೆಯುತ್ತೀರಿ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ರೆಕ್ಕೆಗಳು ಎಷ್ಟು ವೇಗಕ್ಕೆ ಬಂದಾಗ ಬ್ಯಾಟರಿಗೆ ಚಾರ್ಜ್ ಶುರುವಾಗಬೇಕು ಅನ್ನುವುದು. ಇದನ್ನು ಕಾಯಿಲ್ ಸುತ್ತುವ ಮೊದಲೇ ಕೇಳಿಕೊಂಡರೆ ಮುಂದಿನದ್ದೆಲ್ಲ ಬರೀ ಲೆಕ್ಕ. ಸುತ್ತಿದ ಮೇಲೆ ಕೇಳಿಕೊಂಡರೆ, ಇರುವುದರಲ್ಲೇ ಹೊಂದಿಸಿಕೊಳ್ಳಬೇಕಾಗುತ್ತದೆ.

ನಾನು ಇಲ್ಲಿ ಮಾತಾಡುವುದು ಹೆಚ್ಚಿನವರು ಮಾಡುವ ಜನರೇಟರ್ ಬಗ್ಗೆ. ಎರಡು ಉಕ್ಕಿನ ತಟ್ಟೆಗಳು, ಪ್ರತಿ ತಟ್ಟೆಯಲ್ಲಿ 12 ನಿಯೋಡಿಮಿಯಂ ಅಯಸ್ಕಾಂತ, ನಡುವೆ ರೆಸಿನ್‌ನಲ್ಲಿ ಕೂತ 9 ಕಾಯಿಲ್. ಕಾಯಿಲ್ ಒಳಗೆ ಕಬ್ಬಿಣ ಇಲ್ಲ. ಬ್ಯಾಟರಿ 24 ವೋಲ್ಟ್. ನಿಮ್ಮದು ಬೇರೆ ಅಳತೆಯದ್ದಾದರೂ ಲೆಕ್ಕದ ದಾರಿ ಇದೇ.

ಮೊದಲು ರೆಕ್ಕೆಯ ಮಾತು

ಮೂರು ರೆಕ್ಕೆಯ ಚೆನ್ನಾಗಿ ಕೆತ್ತಿದ ಚಕ್ರದಲ್ಲಿ ರೆಕ್ಕೆಯ ತುದಿ ಗಾಳಿಗಿಂತ ಸುಮಾರು 6-7 ಪಟ್ಟು ವೇಗದಲ್ಲಿ ಓಡುವಾಗ ಕೆಲಸ ಚೆನ್ನಾಗಿ ಆಗುತ್ತದೆ. 7 ಪಟ್ಟು ಎಂದು ಇಟ್ಟುಕೊಳ್ಳಿ. ಚಕ್ರದ ಅಡ್ಡಳತೆ 2.4 ಮೀಟರ್ ಇದ್ದರೆ ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲಿ ಅದು 167 ಆರ್‌ಪಿಎಂ, ಅಂದರೆ ನಿಮಿಷಕ್ಕೆ 167 ಸುತ್ತು ತಿರುಗಬೇಕು. 5 ಮೀಟರ್ ಗಾಳಿಗೆ ಸುಮಾರು 280, 10 ಮೀಟರ್ ಗಾಳಿಗೆ ಸುಮಾರು 560. ಲೆಕ್ಕ ಸುಲಭ: 60ನ್ನು ಈ 7ರಿಂದಲೂ ಗಾಳಿಯ ವೇಗದಿಂದಲೂ ಗುಣಿಸಿ, ಚಕ್ರದ ಸುತ್ತಳತೆಯಿಂದ ಭಾಗಿಸಿ.

ಆರ್‌ಪಿಎಂ ಗಾಳಿಯ ಜೊತೆಗೆ ನೇರವಾಗಿ ಏರುತ್ತದೆ. ಶಕ್ತಿ ಹಾಗಲ್ಲ, ಅದು ಗಾಳಿಯ ವೇಗದ ಘನದಂತೆ ಏರುತ್ತದೆ. ಗಾಳಿ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಗಾಳಿಯ ಶಕ್ತಿಯಲ್ಲಿ ಯಾವ ಚಕ್ರವೂ 59.3%ಕ್ಕಿಂತ ಹೆಚ್ಚು ತೆಗೆಯಲಾರದು. ಇದು ಜರ್ಮನ್ ವಿಜ್ಞಾನಿ ಬೆಟ್ಸ್ ಹೇಳಿದ ಮಿತಿ. ಕೈಯಲ್ಲಿ ಕೆತ್ತಿದ ರೆಕ್ಕೆಗೆ 30% ಇಟ್ಟುಕೊಂಡರೆ ಸಾಕು. ಆಗ ಈ 2.4 ಮೀಟರ್ ಚಕ್ರದ ದಂಡಕ್ಕೆ 3 ಮೀಟರ್ ಗಾಳಿಯಲ್ಲಿ 22 ವಾಟ್, 5 ಮೀಟರ್‌ನಲ್ಲಿ 104 ವಾಟ್, 10 ಮೀಟರ್‌ನಲ್ಲಿ 830 ವಾಟ್ ಬರುತ್ತದೆ.

ಇನ್ನು ಬ್ಯಾಟರಿ. ಅದು ವೋಲ್ಟೇಜನ್ನು ಹಿಡಿದಿಟ್ಟುಕೊಳ್ಳುತ್ತದೆ. ಜನರೇಟರ್‌ನ ವೋಲ್ಟೇಜ್ ಬ್ಯಾಟರಿಯದ್ದನ್ನು ದಾಟುವವರೆಗೆ ಒಂದು ಹನಿ ಕರೆಂಟೂ ಹೋಗುವುದಿಲ್ಲ. ದಾಟಿದ ಮೇಲೆ ಏನಾಗುತ್ತದೆ? ಹೆಚ್ಚುವರಿ ವೋಲ್ಟೇಜನ್ನು ಕಾಯಿಲ್‌ಗಳ ರೋಧದಿಂದ (ಕರೆಂಟ್‌ಗೆ ತಂತಿ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುವುದು) ಭಾಗಿಸಿದಷ್ಟು ಕರೆಂಟ್ ಹರಿಯುತ್ತದೆ. ಹಾಗಾಗಿ ಯಾವ ಜೋಡಣೆಯನ್ನಾದರೂ ಎರಡೇ ಅಂಕಿಗಳಿಂದ ಅಳೆಯಬಹುದು. ಒಂದು, 100 ಆರ್‌ಪಿಎಂಗೆ ಎಷ್ಟು ವೋಲ್ಟ್. ಎರಡು, ಎರಡು ತಂತಿಗಳ ನಡುವೆ ಎಷ್ಟು ಓಮ್.

ಒಂದೇ ಕಾಯಿಲ್, ನಾಲ್ಕು ಜೋಡಣೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಕಾಯಿಲ್ 100 ಆರ್‌ಪಿಎಂನಲ್ಲಿ 2 ವೋಲ್ಟ್ ಎಸಿ ಕೊಡುತ್ತದೆ, ಅದರ ರೋಧ 0.3 ಓಮ್. ಒಂಬತ್ತು ಕಾಯಿಲ್‌ಗಳು ಮೂರು ಗುಂಪಾಗುತ್ತವೆ. ಒಂದೇ ಹೊತ್ತಿಗೆ ವೋಲ್ಟೇಜ್ ಏರಿಳಿಯುವ ಕಾಯಿಲ್‌ಗಳ ಗುಂಪೇ ಫೇಸ್. ಒಂದೊಂದು ಫೇಸ್‌ಗೆ ಮೂರು ಕಾಯಿಲ್. ಅವನ್ನು ಸಾಲಾಗಿ, ಅಂದರೆ ಸೀರೀಸ್‌ನಲ್ಲಿ ಸೇರಿಸಿದರೆ ಫೇಸ್‌ಗೆ 6 ವೋಲ್ಟ್, 0.9 ಓಮ್. ಪ್ಯಾರಲಲ್ ಮಾಡಿದರೆ, ಅಂದರೆ ಮೊದಲ ತುದಿಗಳನ್ನೆಲ್ಲ ಒಟ್ಟಿಗೆ, ಕೊನೆಯ ತುದಿಗಳನ್ನೆಲ್ಲ ಒಟ್ಟಿಗೆ ಸೇರಿಸಿದರೆ 2 ವೋಲ್ಟ್, 0.1 ಓಮ್.

ನಂತರ ಮೂರು ಫೇಸ್‌ಗಳನ್ನು ಸೇರಿಸಬೇಕು. ಸ್ಟಾರ್‌ನಲ್ಲಿ ಮೂರೂ ಫೇಸ್‌ಗಳ ಕೊನೆಯ ತುದಿಗಳನ್ನು ಒಂದೇ ಗಂಟಿಗೆ ಕಟ್ಟುತ್ತೇವೆ, ಉಳಿದ ಮೂರು ತುದಿಗಳು ಹೊರಗೆ ಬರುತ್ತವೆ. ತಂತಿಗಳ ನಡುವಿನ ವೋಲ್ಟೇಜ್ ಫೇಸ್‌ನ 1.73 ಪಟ್ಟು, ರೋಧ ಎರಡು ಪಟ್ಟು. ಡೆಲ್ಟಾದಲ್ಲಿ ಒಂದರ ಕೊನೆ ಇನ್ನೊಂದರ ಮೊದಲಿಗೆ ಸೇರಿ ತ್ರಿಕೋನ ಆಗುತ್ತದೆ. ವೋಲ್ಟೇಜ್ ಫೇಸ್‌ನಷ್ಟೇ, ರೋಧ ಮೂರರಲ್ಲಿ ಎರಡು ಭಾಗ. ಅಂದರೆ ಸ್ಟಾರ್‌ನ ಮೂರನೇ ಒಂದು.

ಬ್ಯಾಟರಿ 25 ವೋಲ್ಟ್‌ನಲ್ಲಿದೆ, ಎಸಿಯನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಡಯೋಡ್‌ಗಳಿಗೆ 1.4 ವೋಲ್ಟ್ ಹೋಗುತ್ತದೆ, ಎಸಿ ಅಲೆಯ ಶಿಖರ ಮೀಟರ್ ತೋರಿಸುವ ವೋಲ್ಟ್‌ನ 1.41 ಪಟ್ಟು ಎಂದುಕೊಂಡರೆ ಚಾರ್ಜ್ ಶುರುವಾಗುವ ವೇಗ ಹೀಗೆ ಬರುತ್ತದೆ:

ಸೀರೀಸ್ ಮತ್ತು ಸ್ಟಾರ್: 180 ಆರ್‌ಪಿಎಂ, ರೋಧ 1.8 ಓಮ್.
ಸೀರೀಸ್ ಮತ್ತು ಡೆಲ್ಟಾ: 311 ಆರ್‌ಪಿಎಂ, ರೋಧ 0.6 ಓಮ್.
ಪ್ಯಾರಲಲ್ ಮತ್ತು ಸ್ಟಾರ್: ಸುಮಾರು 540 ಆರ್‌ಪಿಎಂ, ರೋಧ 0.2 ಓಮ್.
ಪ್ಯಾರಲಲ್ ಮತ್ತು ಡೆಲ್ಟಾ: ಸುಮಾರು 930 ಆರ್‌ಪಿಎಂ, ರೋಧ 0.07 ಓಮ್.

ಅದೇ ತಾಮ್ರ, ಅದೇ ಅಯಸ್ಕಾಂತ. ಆದರೂ ಶುರುವಾಗುವ ವೇಗ ಐದು ಪಟ್ಟು ಬದಲಾಯಿತು, ಅಲ್ವಾ? ಈ ರೆಕ್ಕೆಗೆ ಕೊನೆಯ ಎರಡು ಜೋಡಣೆಗಳು ಆಗುವ ಮಾತೇ ಅಲ್ಲ. 540 ಆರ್‌ಪಿಎಂ ಬರುವ ಹೊತ್ತಿಗೆ ಜೋರು ಗಾಳಿ ಬೀಸುತ್ತಿರುತ್ತದೆ. ಪೈಪೋಟಿ ಇರುವುದು ಮೊದಲ ಎರಡರ ನಡುವೆ.

ಸ್ಟಾರ್ ಮತ್ತು ಡೆಲ್ಟಾ ಎದುರುಬದುರು

180 ಆರ್‌ಪಿಎಂ ಬರಲು ಸೆಕೆಂಡಿಗೆ 3.2 ಮೀಟರ್ ಗಾಳಿ ಸಾಕು. 311 ಬರಲು 5.6 ಮೀಟರ್ ಬೇಕು. ಭಾರ ಇಲ್ಲದ, ಅಂದರೆ ಜನರೇಟರ್‌ನಿಂದ ಕರೆಂಟ್ ಎಳೆಯದಿರುವಾಗಿನ ರೆಕ್ಕೆ ಲೆಕ್ಕಕ್ಕಿಂತ ಸ್ವಲ್ಪ ಜೋರಾಗಿಯೇ ತಿರುಗುತ್ತದೆ. ಹಾಗಾಗಿ ಎರಡೂ ಕಡೆ ಇದಕ್ಕಿಂತ ತುಸು ಮೊದಲೇ ಶುರುವಾಗಬಹುದು. ವ್ಯತ್ಯಾಸ ಮಾತ್ರ ಹಾಗೇ ಉಳಿಯುತ್ತದೆ.

ಈಗ ಗಾಳಿ 5 ಮೀಟರ್ ಇದೆ ಅನ್ನಿ. ಗಂಟೆಗೆ 18 ಕಿಲೋಮೀಟರ್. ಎಲೆಗಳು ಸದಾ ಅಲುಗುತ್ತಿರುವ, ಹಗುರ ಬಟ್ಟೆ ಹಾರುವಂಥ ಗಾಳಿ. ಸ್ಟಾರ್ ಯಂತ್ರ ಸುಮಾರು 250 ಆರ್‌ಪಿಎಂನಲ್ಲಿ ನಿಂತು 3 ಆಂಪಿಯರ್ ಕೊಡುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿ 28 ವೋಲ್ಟ್ ಹತ್ತಿರಕ್ಕೆ ಏರುವುದರಿಂದ ಅದಕ್ಕೆ 85 ವಾಟ್ ಆಸುಪಾಸು. ಡೆಲ್ಟಾ ಯಂತ್ರ ಸುಮ್ನೆ ತಿರುಗುತ್ತಾ ಇರುತ್ತದೆ. ಬ್ಯಾಟರಿಗೆ ಏನೂ ಬರುವುದಿಲ್ಲ, ಬಂದರೂ ಲೆಕ್ಕಕ್ಕೆ ಸಿಗದಷ್ಟು.

ಗಾಳಿ 10 ಮೀಟರ್‌ಗೆ ಏರಿತು. ಈಗ ಕಥೆ ತಿರುಗುತ್ತದೆ. ಸ್ಟಾರ್ ಯಂತ್ರ ಸುಮಾರು 400 ಆರ್‌ಪಿಎಂಗೆ ಬಂದು 15 ಆಂಪಿಯರ್ ಕೊಡುತ್ತದೆ. ಬ್ಯಾಟರಿಗೆ 415 ವಾಟ್. ಅಷ್ಟೇ ಶಕ್ತಿ, ಹತ್ತಿರ ಹತ್ತಿರ 400 ವಾಟ್, ಕಾಯಿಲ್‌ಗಳಲ್ಲಿ ಶಾಖವಾಗಿ ಹೋಗುತ್ತದೆ. ಡೆಲ್ಟಾ ಯಂತ್ರ 510 ಆರ್‌ಪಿಎಂವರೆಗೆ ಓಡುತ್ತದೆ, 20 ಆಂಪಿಯರ್, 550 ವಾಟ್. ಕಾಯಿಲ್‌ನಲ್ಲಿ ಶಾಖ 235 ವಾಟ್ ಮಾತ್ರ.

ಇಲ್ಲಿಗೆ ನಿಲ್ಲಿಸಿದರೆ ಜೋರು ಗಾಳಿಯ ಜಾಗಕ್ಕೆ ಡೆಲ್ಟಾ, ಮೆಲುಗಾಳಿಯ ಜಾಗಕ್ಕೆ ಸ್ಟಾರ್ ಅನ್ನುವ ತೀರ್ಮಾನ ಬರುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಾನೂ ಕೆಲವು ಕಾಲ ಹಾಗೇ ನಂಬಿದ್ದೆ. ಇನ್ನೊಂದು ಹೆಜ್ಜೆ ಇಟ್ಟು ನೋಡಬೇಕು.

ಅದೇ ಕಾಯಿಲನ್ನು ಕಡಿಮೆ ಸುತ್ತು ಹಾಕಿ, ದಪ್ಪ ತಂತಿಯಲ್ಲಿ ಮಾಡಿದ್ದರೆ? ಮೊದಲು 120 ಸುತ್ತು ಇತ್ತು ಅನ್ನಿ. ಅದನ್ನು 1.73ರಿಂದ ಭಾಗಿಸಿದರೆ 69 ಸುತ್ತು. ಸುತ್ತು ಕಡಿಮೆಯಾದ್ದರಿಂದ ಅಷ್ಟೇ ಜಾಗದಲ್ಲಿ 1.73 ಪಟ್ಟು ದಪ್ಪದ, ಅಂದರೆ ಅಷ್ಟು ಹೆಚ್ಚು ಅಡ್ಡಕೊಯ್ತದ ತಂತಿ ಕೂರುತ್ತದೆ. ಕಾಯಿಲ್‌ನ ರೋಧ ಮೂರನೇ ಒಂದಕ್ಕೆ ಇಳಿದು 0.1 ಓಮ್ ಆಗುತ್ತದೆ. ಈ ಕಾಯಿಲ್‌ಗಳನ್ನು ಸೀರೀಸ್ ಮಾಡಿ ಸ್ಟಾರ್ ಕಟ್ಟಿದರೆ ತಂತಿಗಳ ನಡುವೆ 100 ಆರ್‌ಪಿಎಂಗೆ 6 ವೋಲ್ಟ್, 0.6 ಓಮ್. ಮೇಲಿನ ಡೆಲ್ಟಾದ ಅಂಕಿಗಳೇ ಇವು, ಒಂದು ಚೂರೂ ವ್ಯತ್ಯಾಸ ಇಲ್ಲ.

ಅಂದರೆ ಡೆಲ್ಟಾ ಗೆದ್ದದ್ದು ತನ್ನ ತ್ರಿಕೋನದಿಂದಲ್ಲ. ಸುತ್ತು ಜಾಸ್ತಿಯಾಗಿದ್ದ ಕಾಯಿಲನ್ನು ಅದು ಕಡಿಮೆ ಸುತ್ತಿನ ಕಾಯಿಲ್‌ನಂತೆ ನಡೆಸಿತು. ನಿಮಗೆ ಬೇಕಾದ ಗುಣ ಯಾವುದೇ ಇರಲಿ, ಅದನ್ನು ಸುತ್ತಿನ ಸಂಖ್ಯೆಯಿಂದಲೇ ಸ್ಟಾರ್‌ನಲ್ಲಿ ಪಡೆಯಬಹುದು. 180ಕ್ಕೂ 311ಕ್ಕೂ ನಡುವೆ ಬೇಕಾ? ಅದೂ ಆಗುತ್ತದೆ. 120ರ ಬದಲು 98 ಸುತ್ತು ಹಾಕಿದರೆ ಚಾರ್ಜ್ 220 ಆರ್‌ಪಿಎಂಗೆ ಶುರುವಾಗುತ್ತದೆ, ರೋಧ 1.8ರಿಂದ 1.2 ಓಮ್‌ಗೆ ಇಳಿಯುತ್ತದೆ. ಡೆಲ್ಟಾ ಕೊಡುವುದು 1.73 ಅನ್ನುವ ಒಂದೇ ಜಿಗಿತ. ಸುತ್ತಿನ ಸಂಖ್ಯೆ ಬದಲಿಸಿದರೆ ನಿಮ್ಮ ರೆಕ್ಕೆಗೆ ಸರಿಯಾಗಿ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು.

ನನ್ನ ಆಯ್ಕೆ ಇದು: ಗಾಳಿ ಸಾಧಾರಣ ಇರುವ ಜಾಗಕ್ಕೆ 3ರಿಂದ 3.5 ಮೀಟರ್ ಗಾಳಿಯಲ್ಲಿ ಶುರುವಾಗುವಷ್ಟು ಸುತ್ತು, ಬಯಲಿನ ಜೋರು ಗಾಳಿಗೆ 4 ಮೀಟರ್‌ನಲ್ಲಿ ಶುರುವಾಗುವಷ್ಟು. ಎರಡೂ ಸ್ಟಾರ್‌ನಲ್ಲಿ. ಇನ್ನೂ ಕೆಳಗಿನ ಗಾಳಿಯಿಂದಲೇ ಹಿಡಿಯಬೇಕು ಎಂದು ಸುತ್ತು ಹೆಚ್ಚಿಸುತ್ತಾ ಹೋಗಬೇಡಿ. 2 ಮೀಟರ್ ಗಾಳಿಯಲ್ಲಿ ಈ ಚಕ್ರಕ್ಕೆ ಸಿಗುವುದು 7 ವಾಟ್ ಕೂಡ ಇಲ್ಲ. ಅದಕ್ಕಾಗಿ ರೋಧ ಏರಿಸಿಕೊಂಡು, ಜೋರು ಗಾಳಿಯಲ್ಲಿ ರೆಕ್ಕೆಯನ್ನು ಹಿಡಿದು ನಿಲ್ಲಿಸಿ, ಕಾಯಿಲ್ ಸುಡುವುದರಲ್ಲಿ ಅರ್ಥ ಇಲ್ಲ.

ಡೆಲ್ಟಾದೊಳಗೆ ಸುತ್ತುವ ಕರೆಂಟ್

ಡೆಲ್ಟಾ ಒಂದು ಮುಚ್ಚಿದ ಬಳೆ. ಮೂರು ಫೇಸ್‌ಗಳ ವೋಲ್ಟೇಜ್ ಸರಿಯಾದ ಅಲೆಯಾಗಿದ್ದರೆ ಒಂದನ್ನೊಂದು ಕಳೆದು ಬಳೆಯೊಳಗೆ ಸೊನ್ನೆ ಉಳಿಯುತ್ತದೆ. ಆದರೆ ಕೈಯಲ್ಲಿ ಮಾಡಿದ ಜನರೇಟರ್‌ನ ಅಲೆ ಅಷ್ಟು ನುಣುಪಾಗಿರುವುದಿಲ್ಲ. ಅದರಲ್ಲಿ ಮೂರು ಪಟ್ಟು ವೇಗದ ಇನ್ನೊಂದು ಸಣ್ಣ ಅಲೆ ಬೆರೆತಿರುತ್ತದೆ. ಇದನ್ನು ಮೂರನೇ ಹಾರ್ಮೋನಿಕ್ ಅನ್ನುತ್ತಾರೆ. ಫೇಸ್‌ಗಳ ನಡುವೆ 120 ಡಿಗ್ರಿ ಅಂತರ ಇದೆ. ಮೂರು ಪಟ್ಟು ವೇಗದ ಅಲೆಗೆ ಅದು 360 ಡಿಗ್ರಿ ಆಗುತ್ತದೆ. ಹಾಗಾಗಿ ಮೂರೂ ಫೇಸ್‌ಗಳ ಸಣ್ಣ ಅಲೆಗಳು ಒಂದೇ ಹೊತ್ತಿಗೆ ಏರಿ, ಒಂದೇ ಹೊತ್ತಿಗೆ ಇಳಿಯುತ್ತವೆ. ಬಳೆಯೊಳಗೆ ಅವು ಕಳೆಯುವುದಿಲ್ಲ, ಕೂಡುತ್ತವೆ.

ನಮ್ಮ ಉದಾಹರಣೆಯಲ್ಲೇ ನೋಡಿ. 300 ಆರ್‌ಪಿಎಂನಲ್ಲಿ ಫೇಸ್‌ಗೆ 18 ವೋಲ್ಟ್. ಅದರಲ್ಲಿ 10% ಈ ಸಣ್ಣ ಅಲೆ ಎಂದಿಟ್ಟುಕೊಂಡರೆ ಬಳೆಯಲ್ಲಿ 5.4 ವೋಲ್ಟ್ ಉಳಿಯುತ್ತದೆ. ಬಳೆಯ ಒಟ್ಟು ರೋಧ 2.7 ಓಮ್. 2 ಆಂಪಿಯರ್ ಒಳಗೊಳಗೇ ಸುತ್ತುತ್ತದೆ, 11 ವಾಟ್ ಶಾಖ. ಬ್ಯಾಟರಿ ಜೋಡಿಸಿರಲಿ, ಬಿಡಲಿ, ಇದು ಇದ್ದೇ ಇರುತ್ತದೆ. ಜೋರು ಗಾಳಿಯಲ್ಲಿ 11 ವಾಟ್ ದೊಡ್ಡದಲ್ಲ. 5 ಮೀಟರ್ ಗಾಳಿಯಲ್ಲಿ ದಂಡಕ್ಕೆ ಬರುವುದೇ 104 ವಾಟ್, ಅದರಲ್ಲಿ ಹತ್ತನೇ ಒಂದು ಪಾಲು ಹೀಗೆ ಹೋದರೆ ನೋವಾಗುತ್ತದೆ. ಕಾಯಿಲ್ ಮತ್ತು ಅಯಸ್ಕಾಂತದ ಆಕಾರ ಚೆನ್ನಾಗಿ ಹೊಂದಿದ್ದರೆ ಈ ಭಾಗ ಬಹಳ ಕಡಿಮೆ ಇರಬಹುದು. ಸ್ಟಾರ್‌ನಲ್ಲಿ ಬಳೆಯೇ ಇಲ್ಲ. ಸುತ್ತಲು ದಾರಿ ಇಲ್ಲದ್ದರಿಂದ ಈ ತಲೆನೋವೂ ಇಲ್ಲ.

ಡೆಲ್ಟಾ ಕಟ್ಟುವ ಮುನ್ನ ಒಂದು ಪರೀಕ್ಷೆ ಕಡ್ಡಾಯ. ಕೊನೆಯ ಮೂಲೆಯನ್ನು ಬೆಸೆಯಬೇಡಿ. ಚಕ್ರ ತಿರುಗಿಸಿ, ಆ ತೆರೆದ ಮೂಲೆಯ ಎರಡು ತುದಿಗಳ ನಡುವೆ ಎಸಿ ವೋಲ್ಟ್ ಅಳೆಯಿರಿ. ಸೊನ್ನೆಗೆ ಹತ್ತಿರ ಇರಬೇಕು. ಒಂದು ಫೇಸ್ ತಿರುವುಮುರುವಾಗಿ ಸೇರಿದ್ದರೆ ಅಲ್ಲಿ ಫೇಸ್ ವೋಲ್ಟೇಜ್‌ನ ಎರಡು ಪಟ್ಟು ಕಾಣುತ್ತದೆ. 300 ಆರ್‌ಪಿಎಂಗೆ 36 ವೋಲ್ಟ್. ಹಾಗೇ ಮುಚ್ಚಿದರೆ 13 ಆಂಪಿಯರ್, 480 ವಾಟ್ ಶಾಖ ರೆಸಿನ್ ಒಳಗೆ. ನಿಜದಲ್ಲಿ ಅಷ್ಟು ವೇಗಕ್ಕೆ ಬರಲು ರೆಕ್ಕೆಗೆ ಆಗುವುದೇ ಇಲ್ಲ, ಯಂತ್ರ ಬಿಗಿಯಾಗಿ ನಿಂತುಬಿಡುತ್ತದೆ. ಬಿರುಗಾಳಿಯಲ್ಲಿ ತಿರುಗಿದರೆ ಮಾತ್ರ ಸ್ಟೇಟರ್ (ಕಾಯಿಲ್‌ಗಳು ಕೂತ ರೆಸಿನ್ ತಟ್ಟೆ) ಉಳಿಯುವುದಿಲ್ಲ.

ಗಾಳಿ ನೋಡಿ ಸ್ಟಾರ್‌ನಿಂದ ಡೆಲ್ಟಾಕ್ಕೆ ಬದಲಿಸಿದರೆ?

ಮೆಲುಗಾಳಿಗೆ ಸ್ಟಾರ್, ಜೋರು ಗಾಳಿಗೆ ಡೆಲ್ಟಾ. ಎರಡರ ಲಾಭವೂ ಸಿಗುತ್ತದೆ ಅನ್ನುವ ಆಸೆ ಸಹಜ. ಮೇಲಿನ ಅಂಕಿಗಳು ಅದನ್ನೇ ಹೇಳುವಂತೆ ಕಾಣುತ್ತವೆ. ರಿಲೇ, ಅಂದರೆ ವಿದ್ಯುತ್ತಿನಿಂದ ತಾನೇ ಬದಲಾಗುವ ಸ್ವಿಚ್ ಹಾಕಿ ಮಾಡಿದವರೂ ಇದ್ದಾರೆ.

ನಾನು ಬೇಡ ಅನ್ನುತ್ತೇನೆ. ಕಾರಣ ಒಂದೇ, ಆದರೆ ದೊಡ್ಡದು. ರಿಲೇ ಸ್ಟಾರನ್ನು ಬಿಟ್ಟು ಡೆಲ್ಟಾವನ್ನು ಹಿಡಿಯುವ ಆ ಕ್ಷಣ ಜನರೇಟರ್‌ಗೆ ಭಾರವೇ ಇರುವುದಿಲ್ಲ. ಅದೂ ಜೋರು ಗಾಳಿ ಬೀಸುತ್ತಿರುವಾಗಲೇ. ಹಿಡಿಯಬೇಕಾದ ಕಾಂಟ್ಯಾಕ್ಟ್ ಆ ಹೊತ್ತಿಗೆ ಸುಟ್ಟಿದ್ದರೆ, ಅಥವಾ ತುಕ್ಕು ಹಿಡಿದಿದ್ದರೆ, ಚಕ್ರ ಕಡಿವಾಣ ಇಲ್ಲದೆ ಓಡುತ್ತದೆ. ಭಾರ ಕಳೆದುಕೊಂಡ ಗಾಳಿಯಂತ್ರ ಎಷ್ಟು ಬೇಗ ಕೈ ಮೀರುತ್ತದೆ ಎಂದು ಒಮ್ಮೆ ನೋಡಿದವರು ಮರೆಯುವುದಿಲ್ಲ. ರೆಕ್ಕೆ ಸಿಡಿದರೆ ಎಲ್ಲಿ ಬೀಳುತ್ತದೋ ಹೇಳಲಾಗದು. ಹತ್ತು ಮೀಟರ್ ಗಾಳಿ ಬೀಸುವ ಕೆಲವು ಗಂಟೆಗಳಲ್ಲಿ ಸಿಗುವ ಸ್ವಲ್ಪ ಹೆಚ್ಚುವರಿ ವಾಟ್‌ಗೆ ಈ ಅಪಾಯ ತರವಲ್ಲ.

ಫೇಸ್ ಒಳಗೆ ಪ್ಯಾರಲಲ್ ಯಾವಾಗ?

12 ವೋಲ್ಟ್ ಬ್ಯಾಟರಿಗೆ ಕಾಯಿಲ್ ಮಾಡುವಾಗ ಈ ಪ್ರಶ್ನೆ ಬರುತ್ತದೆ. ಸೀರೀಸ್ ಮಾಡಿದರೆ ಸುತ್ತು ಬಹಳ ಕಡಿಮೆ ಬೇಕು, ತಂತಿ ಬಹಳ ದಪ್ಪ ಬೇಕು. ದಪ್ಪ ತಂತಿ ಬಗ್ಗುವುದಿಲ್ಲ, ಮೂಲೆಯಲ್ಲಿ ಉಬ್ಬುತ್ತದೆ, ಕಾಯಿಲ್ ದಪ್ಪವಾಗಿ ಅಯಸ್ಕಾಂತಗಳ ನಡುವಿನ ಅಂತರ ಹೆಚ್ಚುತ್ತದೆ. ಇನ್ನೊಂದು ತೊಂದರೆಯೂ ಇದೆ. ಇಲ್ಲಿ ಕಬ್ಬಿಣದ ಮರೆ ಇಲ್ಲ, ಅಯಸ್ಕಾಂತದ ಬಲ ತಾಮ್ರದ ಮೂಲಕವೇ ಹಾದುಹೋಗುತ್ತದೆ. ತಂತಿ ದಪ್ಪವಾದಷ್ಟೂ ತಾಮ್ರದೊಳಗೇ ಸುಳಿ ಕರೆಂಟ್‌ಗಳು ಎದ್ದು ಶಕ್ತಿ ತಿನ್ನುತ್ತವೆ.

ಪ್ಯಾರಲಲ್ ಮಾಡಿದರೆ ತೆಳು ತಂತಿ ಸಾಕು. ಆದರೆ ಆಗ ಮೂರು ಕಾಯಿಲ್‌ಗಳೂ ಅಚ್ಚು ಹೊಯ್ದಂತೆ ಒಂದೇ ಥರ ಇರಬೇಕು. ಒಂದು ಕಾಯಿಲ್ ತನ್ನ ಜಾಗದಿಂದ 2 ಡಿಗ್ರಿ ಸರಿದಿದೆ ಅನ್ನಿ. 12 ಧ್ರುವದ, ಅಂದರೆ ತಟ್ಟೆಗೆ ಆರು ಜೋಡಿ ಅಯಸ್ಕಾಂತದ ಯಂತ್ರದಲ್ಲಿ ಅದು ವಿದ್ಯುತ್ ಲೆಕ್ಕದಲ್ಲಿ ಆರು ಪಟ್ಟು, 12 ಡಿಗ್ರಿ. ನಮ್ಮ ಕಾಯಿಲ್‌ಗೆ 300 ಆರ್‌ಪಿಎಂನಲ್ಲಿ 6 ವೋಲ್ಟ್ ಇದ್ದರೆ, ಆ ಸಣ್ಣ ಸರಿತದಿಂದಲೇ ಪಕ್ಕದ ಕಾಯಿಲ್‌ಗೂ ಇದಕ್ಕೂ 1.25 ವೋಲ್ಟ್ ವ್ಯತ್ಯಾಸ ಬರುತ್ತದೆ. 2 ಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಕಾಯಿಲ್‌ಗಳ ನಡುವೆಯೇ ಸುತ್ತುತ್ತದೆ. ಸೀರೀಸ್‌ನಲ್ಲಿ ಇದೇ ತಪ್ಪು ಆಗಿದ್ದರೆ ವೋಲ್ಟೇಜ್ ಚೂರು ಕಡಿಮೆ ಆಗುತ್ತಿತ್ತು, ಅಷ್ಟೆ. ಸೀರೀಸ್ ತಪ್ಪನ್ನು ಕ್ಷಮಿಸುತ್ತದೆ, ಪ್ಯಾರಲಲ್ ಕ್ಷಮಿಸುವುದಿಲ್ಲ.

ಇದಕ್ಕೆ ಒಳ್ಳೆಯ ದಾರಿ ಒಂದಿದೆ. ಎರಡು ಅಥವಾ ಮೂರು ತೆಳು ತಂತಿಗಳನ್ನು ಒಟ್ಟಿಗೆ ಹಿಡಿದು ಒಂದೇ ಕಾಯಿಲ್ ಸುತ್ತುವುದು. ಎಳೆಗಳು ಪಕ್ಕಪಕ್ಕದಲ್ಲೇ ಇರುತ್ತವೆ, ಒಂದೇ ಅಯಸ್ಕಾಂತವನ್ನು ಒಂದೇ ಹೊತ್ತಿಗೆ ನೋಡುತ್ತವೆ. ಅವನ್ನು ಪ್ಯಾರಲಲ್ ಮಾಡಿದರೂ ಒಳಗೆ ಸುತ್ತುವ ಕರೆಂಟ್ ತೀರಾ ಕಡಿಮೆ. ನನಗೆ ಈ ವಿಧಾನ ಬಹಳ ಇಷ್ಟ, ಯಾಕೆಂದರೆ ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಎರಡು ಎಳೆಗಳ ತುದಿಗಳನ್ನು ಬೇರೆಬೇರೆಯಾಗಿ ಹೊರಗೆ ತಂದಿಟ್ಟರೆ ಇವತ್ತು ಪ್ಯಾರಲಲ್ ಮಾಡಿ 24 ವೋಲ್ಟ್‌ಗೆ, ಮುಂದೆ ಬ್ಯಾಟರಿ ಬದಲಿಸಿದಾಗ ಸೀರೀಸ್ ಮಾಡಿ 48 ವೋಲ್ಟ್‌ಗೆ ಬಳಸಬಹುದು. ಶುರುವಾಗುವ ವೇಗ ಬದಲಾಗುವುದೇ ಇಲ್ಲ.

ವಾಷಿಂಗ್ ಮೆಷೀನ್‌ನ ಬೆಲ್ಟ್ ಇಲ್ಲದ ನೇರ ಮೋಟರ್ ಇಟ್ಟುಕೊಂಡು ಮಾಡುವವರಿಗೆ ಮಾತ್ರ ಲೆಕ್ಕ ಬೇರೆ. ಅದರಲ್ಲಿ ತೆಳು ತಂತಿಯ ಹಲವು ಕಾಯಿಲ್‌ಗಳು ಸಾಲಾಗಿ ಸೇರಿರುತ್ತವೆ, ವೋಲ್ಟೇಜ್ ಬಹಳ ಜಾಸ್ತಿ. ಬ್ಯಾಟರಿಗೆ ಹೊಂದಿಸಲು ಸಾಲನ್ನು ಕತ್ತರಿಸಿ ಗುಂಪುಗಳನ್ನು ಪ್ಯಾರಲಲ್ ಮಾಡಲೇಬೇಕು. ಯಂತ್ರದಲ್ಲಿ ಸುತ್ತಿದ ಕಾಯಿಲ್‌ಗಳು ಸಮನಾಗಿರುವುದರಿಂದ ಅಲ್ಲಿ ತೊಂದರೆ ಕಡಿಮೆ. ಗುಂಪುಗಳಲ್ಲಿ ಕಾಯಿಲ್‌ಗಳ ಸಂಖ್ಯೆ ಒಂದೇ ಇರಲಿ.

ಪ್ರತಿ ಫೇಸ್‌ಗೆ ಬೇರೆ ರೆಕ್ಟಿಫೈಯರ್

ಸ್ಟಾರೂ ಬೇಡ, ಡೆಲ್ಟಾವೂ ಬೇಡ, ಪ್ರತಿ ಫೇಸ್‌ಗೂ ಒಂದೊಂದು ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್‌ಗಳ ಗುಂಪು) ಹಾಕಿ ಡಿಸಿ ಕಡೆ ಸೇರಿಸುವ ಮೂರನೇ ದಾರಿ ಇದೆ. ವೋಲ್ಟೇಜ್ ಡೆಲ್ಟಾದಷ್ಟೇ ಬರುತ್ತದೆ. ಡಯೋಡ್‌ಗಳು ಅಡ್ಡ ನಿಲ್ಲುವುದರಿಂದ ಒಳಗೊಳಗೆ ಕರೆಂಟ್ ಸುತ್ತುವುದಿಲ್ಲ. ಸುತ್ತು ಜಾಸ್ತಿಯಾದ ಸ್ಟೇಟರ್ ಈಗಾಗಲೇ ರೆಸಿನ್‌ನಲ್ಲಿ ಕೂತುಬಿಟ್ಟಿದೆ, ಮತ್ತೆ ಸುತ್ತಲು ಆಗುವುದಿಲ್ಲ ಅನ್ನುವಾಗ ಡೆಲ್ಟಾಕ್ಕಿಂತ ನಾನು ಇದನ್ನೇ ಆರಿಸುತ್ತೇನೆ. ಕಂಬದಿಂದ ಮೂರರ ಬದಲು ಆರು ತಂತಿ ಇಳಿಸಬೇಕು, ಡಯೋಡ್ ಆರರ ಬದಲು ಹನ್ನೆರಡು ಬೇಕು. ಅದೊಂದೇ ಖರ್ಚು. ಪ್ಯಾರಲಲ್ ಕಾಯಿಲ್‌ಗಳು ಸಮ ಇಲ್ಲದಿದ್ದರೆ ಪ್ರತಿ ಕಾಯಿಲ್‌ಗೂ ಹೀಗೇ ಮಾಡಬಹುದು, ಆದರೆ ತಂತಿಗಳ ಕಾಡು ಬೆಳೆಯುತ್ತದೆ.

ಸಿಂಗಲ್ ಫೇಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಷ್ಟು ಅಯಸ್ಕಾಂತವೋ ಅಷ್ಟೇ ಕಾಯಿಲ್ ಇಟ್ಟು ಎಲ್ಲವನ್ನೂ ಸಾಲಾಗಿ ಸೇರಿಸುವುದು ಸುಲಭ. ಆದರೆ ಎಲ್ಲ ಕಾಯಿಲ್‌ಗಳೂ ಒಂದೇ ಹೊತ್ತಿಗೆ ಎಳೆದು ಒಂದೇ ಹೊತ್ತಿಗೆ ಬಿಡುತ್ತವೆ. ಯಂತ್ರ ನಡುಗುತ್ತದೆ, ಗುಂಯ್‌ಗುಡುತ್ತದೆ, ಕಂಬ ಆ ಸದ್ದನ್ನು ಮನೆಯವರೆಗೆ ತರುತ್ತದೆ. ಆಟಿಕೆ ಗಾತ್ರಕ್ಕೆ ಸರಿ.

12, 24 ಅಥವಾ 48?

ಜನರೇಟರ್‌ಗೆ ಇದರಲ್ಲಿ ಯಾವ ವ್ಯತ್ಯಾಸವೂ ಇಲ್ಲ. 12ಕ್ಕೆ ಹೋಲಿಸಿದರೆ 48ಕ್ಕೆ ನಾಲ್ಕು ಪಟ್ಟು ಸುತ್ತು, ಕಾಲು ಭಾಗ ಅಡ್ಡಕೊಯ್ತದ ತಂತಿ. ತಾಮ್ರದ ತೂಕ ಅದೇ, ಶಾಖ ಅದೇ. ವ್ಯತ್ಯಾಸ ಇರುವುದು ಕೇಬಲ್‌ನಲ್ಲಿ ಮತ್ತು ಡಯೋಡ್‌ನಲ್ಲಿ. 500 ವಾಟ್‌ಗೆ 12 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 36 ಆಂಪಿಯರ್ ಹರಿಯುತ್ತದೆ, 48ರಲ್ಲಿ 9. ಅದೇ ಕೇಬಲ್‌ನಲ್ಲಿ ನಷ್ಟ 16 ಪಟ್ಟು ಕಡಿಮೆ. ಡಯೋಡ್‌ಗೆ ಹೋಗುವುದು 50 ವಾಟ್‌ನಿಂದ 13 ವಾಟ್‌ಗೆ ಇಳಿಯುತ್ತದೆ. ಕಂಬ ಮನೆಯಿಂದ ದೂರ ಇದ್ದರೆ 12 ವೋಲ್ಟ್ ಯೋಚನೆ ಬಿಡಿ.

ಹೆಚ್ಚು ವೋಲ್ಟೇಜ್‌ಗೆ ಹೋದಂತೆ ಭಯವೂ ಇರಲಿ. ನಮ್ಮ 24 ವೋಲ್ಟ್ ಉದಾಹರಣೆಯೇ ಭಾರ ಇಲ್ಲದೆ 800 ಆರ್‌ಪಿಎಂಗೆ ಹೋದರೆ ತಂತಿಗಳ ನಡುವೆ 117 ವೋಲ್ಟ್ ಶಿಖರ ಬರುತ್ತದೆ. 48ರದ್ದಾದರೆ ಅದರ ಎರಡು ಪಟ್ಟು. ಇದು ಜೀವಕ್ಕೆ ಅಪಾಯ. ಎಂಪಿಪಿಟಿ ಕಂಟ್ರೋಲರ್ (ಗರಿಷ್ಠ ಶಕ್ತಿ ಸಿಗುವಂತೆ ವೋಲ್ಟೇಜನ್ನು ತಾನೇ ಹೊಂದಿಸುವ ಸಾಧನ) ಬಳಸುವವರು ಇದನ್ನು ಇನ್ನೂ ಗಮನಿಸಬೇಕು. ಆ ಕಂಟ್ರೋಲರ್ ಇದ್ದರೆ ರೆಕ್ಕೆ ತನಗೆ ಬೇಕಾದ ವೇಗದಲ್ಲಿ ತಿರುಗಬಹುದು, ಸ್ಟಾರ್‌ನ ಹೆಚ್ಚು ವೋಲ್ಟೇಜ್ ಅಲ್ಲಿ ವರವೇ. ಆದರೆ ಅದರ ಗರಿಷ್ಠ ಮಿತಿಯನ್ನು ಒಂದು ಸೆಕೆಂಡ್ ದಾಟಿದರೂ ಕಂಟ್ರೋಲರ್ ಸತ್ತುಹೋಗಬಹುದು. ಮಿತಿ ಮುಟ್ಟುವ ಮೊದಲೇ ಹೀಟರ್‌ನಂಥ ಭಾರವನ್ನು ಸೇರಿಸುವ ರಕ್ಷಣೆ ಇರಲೇಬೇಕು.

ರೆಸಿನ್ ಹೊಯ್ಯುವ ಮುನ್ನ

ನನ್ನ ಮೊದಲ ಸ್ಟೇಟರ್‌ನಲ್ಲಿ ಸ್ಟಾರ್‌ನ ಗಂಟನ್ನು ರೆಸಿನ್ ಒಳಗೇ ಹುದುಗಿಸಿ ಮೂರೇ ತುದಿ ಹೊರಗೆ ಬಿಟ್ಟಿದ್ದೆ. ನೋಡಲು ಅಂದವಾಗಿತ್ತು. ಒಂದು ಕಾಯಿಲ್ ಉಲ್ಟಾ ಸೇರಿದೆ ಎಂದು ಕಂಬದ ಮೇಲೆ ಏರಿಸಿದ ಮೇಲೆ ತಿಳಿಯಿತು. ಒಂಬತ್ತು ಕಾಯಿಲ್‌ಗಳೂ ಹೋದವು. ಅಷ್ಟು ದಿನದ ಕೆಲಸ ಕಣ್ಣೆದುರೇ ಹಾಳಾದಾಗ ಆದ ಸಂಕಟ ಇನ್ನೂ ನೆನಪಿದೆ. ಅದಕ್ಕೇ ಒತ್ತಿ ಹೇಳುತ್ತೇನೆ: ಆರೂ ತುದಿಗಳನ್ನು ಹೊರಗೆ ತನ್ನಿ. ಸ್ಟಾರ್‌ನ ಗಂಟನ್ನು ಹೊರಗೆ ಬೋಲ್ಟ್‌ನಲ್ಲಿ ಕಟ್ಟಿ. ಮುಂದೆ ಡೆಲ್ಟಾ ಬೇಕಾದರೂ, ಫೇಸ್‌ಗೊಂದು ಬ್ರಿಡ್ಜ್ ಬೇಕಾದರೂ, ದೋಷ ಹುಡುಕಬೇಕಾದರೂ ಆ ಆರು ತುದಿಗಳು ಕೈಗೆ ಸಿಗಬೇಕು.

9 ಕಾಯಿಲ್, 12 ಧ್ರುವದ ಯಂತ್ರದಲ್ಲಿ 1, 4, 7 ಒಂದು ಫೇಸ್. 2, 5, 8 ಇನ್ನೊಂದು. 3, 6, 9 ಮತ್ತೊಂದು. ಎಲ್ಲವನ್ನೂ ಒಂದೇ ದಿಕ್ಕಿಗೆ ಸುತ್ತಿ, ಒಂದೇ ಮುಖ ಮೇಲಾಗಿ ಇಡಿ. ಒಳಗಿನಿಂದ ಬರುವ ತುದಿಗೆ ಒಂದು ಬಣ್ಣದ ಟೇಪ್, ಹೊರಗಿನದಕ್ಕೆ ಇನ್ನೊಂದು. 1ರ ಕೊನೆ 4ರ ಮೊದಲಿಗೆ, 4ರ ಕೊನೆ 7ರ ಮೊದಲಿಗೆ. ತಂತಿಯ ಮೇಲಿನ ಎನಾಮಲ್ ಲೇಪವನ್ನು ಪೂರ್ತಿ ಕೆರೆದು, ತಾಮ್ರ ಹೊಳೆಯುವಂತೆ ಮಾಡಿ, ಆಮೇಲೆ ಬೆಸುಗೆ.

ಬೆಸೆದ ಮೇಲೆ, ರೆಸಿನ್ ಇಲ್ಲದೆ, ಕಾಯಿಲ್‌ಗಳನ್ನು ಹಲಗೆಯ ಮೇಲೆ ತಾತ್ಕಾಲಿಕವಾಗಿ ಬಿಗಿದು ಚಕ್ರವನ್ನು ಒಂದೇ ವೇಗದಲ್ಲಿ ತಿರುಗಿಸಿ ಅಳೆಯಿರಿ. ನಿಯೋಡಿಮಿಯಂ ತಟ್ಟೆಗಳ ನಡುವೆ ಬೆರಳು ಸಿಕ್ಕಿದರೆ ಜಜ್ಜಿಹೋಗುತ್ತದೆ, ಅವನ್ನು ಜಾಕಿಂಗ್ ಬೋಲ್ಟ್‌ಗಳಿಂದಲೇ (ತಿರುಗಿಸಿದಂತೆ ತಟ್ಟೆಯನ್ನು ನಿಧಾನವಾಗಿ ಇಳಿಸುವ ಉದ್ದ ಬೋಲ್ಟ್‌ಗಳು) ಇಳಿಸಿ. ಸ್ಟಾರ್‌ನಲ್ಲಿ ಮೂರು ಜೋಡಿ ತಂತಿಗಳ ವೋಲ್ಟೇಜ್ ಒಂದೇ ಇರಬೇಕು. ಎರಡು ಜೋಡಿಯಲ್ಲಿ ಕಡಿಮೆ, ಒಂದರಲ್ಲಿ 1.73 ಪಟ್ಟು ಬಂದರೆ ಒಂದು ಫೇಸ್ ಇಡಿಯಾಗಿ ಉಲ್ಟಾ ಇದೆ, ಅದು ಹೆಚ್ಚು ತೋರಿಸಿದ ಜೋಡಿಯಲ್ಲಿ ಇಲ್ಲದ ಫೇಸ್. ಒಂದು ಫೇಸ್ ತನ್ನಷ್ಟಕ್ಕೇ ಉಳಿದವುಗಳ ಮೂರನೇ ಒಂದು ಭಾಗ ಮಾತ್ರ ಕೊಡುತ್ತಿದ್ದರೆ ಅದರ ಮೂರರಲ್ಲಿ ಒಂದು ಕಾಯಿಲ್ ಉಲ್ಟಾ ಇದೆ. ಎರಡು ಒಂದು ಕಡೆ ತಳ್ಳಿದರೆ ಅದು ಇನ್ನೊಂದು ಕಡೆ ಎಳೆಯುತ್ತಿರುತ್ತದೆ.

ಕೊನೆಗೆ ಮೂರೂ ತಂತಿಗಳನ್ನು ಒಟ್ಟಿಗೆ ಸೇರಿಸಿ ಕೈಯಿಂದ ತಿರುಗಿಸಿ ನೋಡಿ. ಜೇನಿನಲ್ಲಿ ಚಮಚ ತಿರುಗಿಸಿದಂತೆ ಒಂದೇ ಸಮನೆ ಬಿಗಿ ಇರಬೇಕು. ತಡೆತಡೆದು ಬಿಗಿಯಾದರೆ ಎಲ್ಲೋ ಒಂದು ಫೇಸ್ ಸೇರಿಲ್ಲ. ಮೂರೂ ತಂತಿ ಬಿಡಿಯಾಗಿದ್ದಾಗ ಹಗುರಾಗಿ ತಿರುಗಬೇಕು. ಆಗಲೂ ಬಿಗಿಯಿದ್ದರೆ ಒಳಗೆ ಶಾರ್ಟ್ ಇದೆ, ಅಥವಾ ಪ್ಯಾರಲಲ್ ಕಾಯಿಲ್‌ಗಳು ಒಂದರ ಜೊತೆ ಒಂದು ಗುದ್ದಾಡುತ್ತಿವೆ. ಇದೇ ಮೂರು ತಂತಿ ಸೇರಿಸುವ ಸ್ವಿಚ್ ಕಂಬದ ಕೆಳಗೂ ಇರಲಿ. ಯಂತ್ರ ನಿಲ್ಲಿಸಲು ಅದೇ ಬ್ರೇಕ್. ಗಾಳಿ ತಗ್ಗಿದ ಹೊತ್ತು ನೋಡಿ ಹಾಕಿ, ಬಿರುಗಾಳಿಯ ನಡುವೆ ಅಲ್ಲ.